ಈರಿ ಕಾಲುವೆಯೂ ಕುಂದಾಪುರದ ಅಜ್ಜಿಯೂ

ಮಕ್ಕಳ ಶಾಲೆಯ ಕೆಲಸದಲ್ಲಿ ಮೂಗು ತೂರಿಸುವ ಅಪ್ಪಂದಿರನ್ನು ಮಾನ ಹೋಗುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನನಗಂತೂ ಒಂದೇ ವರ್ಷದಲ್ಲಿ ಸಾಲಾಗಿ ಬಂದವು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎಣ್ಣೆ ಬೆಲೆ ಬಿದ್ದುಹೋಗಿದ್ದ ಕಾಲ. ನಾನು ಕೊಲ್ಲಿ ದೇಶದ ರುಸೈಲ್‌ನ ಪೈಪ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನಕಲಿ ಸರ್ಟಿಫಿಕೇಟ್ ಹೊತ್ತು ಬಂದ ಮಾಲನ್ನು ಹಿಡಿದು ವಾಪಸು ಕಳಿಸುವುದೇ ನನ್ನ ಕೆಲಸ; ಇದನ್ನು ನೆನಪಿಟ್ಟುಕೊಳ್ಳಿ. ಮಗಳು ಮದೀನತ್ ಸುಲ್ತಾನ್ ಖಾಬೂಸ್ ಕಡೆಯ ಅಮೆರಿಕನ್ ಪಠ್ಯಕ್ರಮದ ಶಾಲೆಯಲ್ಲಿ ಹತ್ತನೆಯ ತರಗತಿ. ಅಮೆರಿಕದ ಇತಿಹಾಸದ ಮೇಲೆ ಸಂಶೋಧನಾ ಪ್ರಬಂಧ ಬರೆಯಬೇಕು, ವಿಷಯವನ್ನು ವಿದ್ಯಾರ್ಥಿಯೇ ಆರಿಸಬೇಕು ಎಂದು ಫಾರಂ ಬಂತು. ನಾವು ಅದನ್ನು ಮನೆಯವರೆಲ್ಲ ಸೇರಿ ಆರಿಸಬೇಕು ಎಂದು ಓದಿಕೊಂಡೆವು.

೧. ಮನೆಯಲ್ಲಿ ಆಡಬಾರದ ಮಾತು

ನಾನು ಮೊದಲು ಸೂಚಿಸಿದ್ದು ಗ್ರೇಟ್ ಡಿಪ್ರೆಷನ್, ಅಂದರೆ ಅಲ್ಲಿಯ ಮಹಾ ಆರ್ಥಿಕ ಕುಸಿತ. ಆ ವಾರವಷ್ಟೇ ನಮ್ಮಲ್ಲಿ ಆರು ಜನರ ಕೆಲಸ ಹೋಗಿತ್ತು. ವಿಷಯ ಕೈಗೆಟುಕುವಂತಿದೆ ಅನ್ನಿಸಿತು.

ಹೆಂಡತಿ ಸೌಟು ಹಿಡಿದೇ ಬಂದಳು. "ರೀ, ಲಿಸ್ಟಲ್ಲಿ ಮುಂದೆ ಯಾರ ಹೆಸರಿದೆಯೋ ಗೊತ್ತಿಲ್ಲ. ಮನೇಲಿ ಕೂತ್ಕೊಂಡು ಕೆಲಸ ಹೋಗೋದನ್ನೇ ಜಪ ಮಾಡ್ತೀರಾ? ಏನಾದ್ರೂ ಒಳ್ಳೇದು ಬರೀಲಿ."

ಯುದ್ಧ ಬೇಡ, ಗುಲಾಮಗಿರಿ ಬೇಡ, ಕೊಲೆಯಾದ ಅಧ್ಯಕ್ಷರಂತೂ ಬೇಡವೇ ಬೇಡ ಎಂದಳು. ಇಷ್ಟನ್ನು ತೆಗೆದರೆ ಅಮೆರಿಕದಲ್ಲಿ ಉಳಿಯುವುದೇ ಕಡಿಮೆ.

"ಅಪ್ಪ, ಐ ಹ್ಯಾವ್ ಮೈ ಟಾಪಿಕ್," ಎಂದಳು ಮಗಳು. "ಐಸ್! ಬಾಸ್ಟನ್ ಕಡೆ ಕೆರೆಗಳಲ್ಲಿ ಐಸ್ ಕಟ್ ಮಾಡಿ, ಮರದ ಪುಡೀಲಿ ಮುಚ್ಚಿ, ಹಡಗಲ್ಲಿ ಮದ್ರಾಸ್‌ವರೆಗೂ ತರ್ತಿದ್ರು, ಗೊತ್ತಾ?"

"ಕರಗಿ ಹೋಗೋ ವಸ್ತುವಿಗೆ ಇತಿಹಾಸ ಎಲ್ಲಿಂದ ಬರುತ್ತಮ್ಮ?" ಎಂದೆ.

ನಕ್ಕವನು ನಾನೊಬ್ಬನೇ.

೨. ಫ್ರಿಜ್ ಜೊತೆಗೆ ಬಂದದ್ದು

ಆಗ ವಾರಕ್ಕೊಂದು ಮನೆ ಖಾಲಿಯಾಗುತ್ತಿತ್ತು. ಸೂಪರ್‌ಮಾರ್ಕೆಟ್ಟಿನ ಬೋರ್ಡಿನ ತುಂಬ ಊರಿಗೆ ಹೊರಟವರ ಸೋಫಾ, ಮಂಚ, ಕಾರುಗಳ ಮಾರಾಟದ ಚೀಟಿ. ಅದನ್ನು ನೋಡಿಯೇ ಉಡುಪಿಯವರೊಬ್ಬರ ಮನೆಗೆ ಫ್ರಿಜ್ ಕೊಳ್ಳಲು ಹೋದೆ. ಮಾತು ಮುಗಿದ ಮೇಲೆ ಅವರು ದನಿ ತಗ್ಗಿಸಿದರು.

"ನಿಮ್ಮ ಮಗಳು ಅದೇ ಶಾಲೆ ಅಲ್ವಾ ಮಾರಾಯ್ರೆ? ಅಮೆರಿಕದ್ದೊಂದು ಪೇಪರ್ ಉಂಟು, ಈರಿ ಕಾಲುವೆಯದ್ದು. ನಮ್ಮ ಹುಡುಗ ಶಾಲೆಗೆ ಕೊಟ್ಟದ್ದು. ಫುಲ್ ರೆಡಿ ಉಂಟು."

"ಅವನೇ ಬರೆದದ್ದಾ?"

"ಅವನೇ ಪ್ರಿಂಟ್ ತೆಗೆದದ್ದು," ಎಂದರು.

ಕಾರ್ಖಾನೆಯಲ್ಲಾಗಿದ್ದರೆ ಇಂಥ ಉತ್ತರಕ್ಕೆ ಇಡೀ ಲೋಡನ್ನೇ ವಾಪಸು ಕಳಿಸುತ್ತಿದ್ದೆ. ಇಲ್ಲಿ ಫೈಲನ್ನು ಫ್ರಿಜ್ಜಿನ ತರಕಾರಿ ಟ್ರೇಯಲ್ಲಿಟ್ಟು ಮನೆಗೆ ತಂದೆ.

ಮಗಳು ಅದನ್ನು ಮುಟ್ಟಲೂ ಇಲ್ಲ. "ದಟ್ಸ್ ಚೀಟಿಂಗ್, ಅಪ್ಪ."

ಮರುದಿನ ಬೆಳಿಗ್ಗೆ ಫಾರಂ ನನ್ನ ಸಹಿಗೆ ಬಂತು. ಅವಳು ಶೂ ಹಾಕಿಕೊಳ್ಳುತ್ತಿದ್ದಾಗ ನಾನು ‘ಐಸ್ ವ್ಯಾಪಾರ’ಕ್ಕೆ ಗೆರೆ ಎಳೆದು ‘ಈರಿ ಕಾಲುವೆ’ ಎಂದು ಬರೆದೆ, ಕವರಿಗೆ ಅಂಟು ಹಚ್ಚಿ ಕೊಟ್ಟೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು. ಆ ಥ್ಯಾಂಕ್ಸ್ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

೩. ಮೂವರಿಗೂ ಒಬ್ಬಳೇ ಅಜ್ಜಿ

ಎರಡೇ ದಿನಕ್ಕೆ ಟೀಚರು ನನ್ನನ್ನೂ ಮಗಳನ್ನೂ ಕರೆಸಿದರು. ಅಮೆರಿಕದವರೇ, ಸಮಾಧಾನದ ಹೆಂಗಸು. ಬೀರು ತೆಗೆದು ಮೂರು ಫೈಲುಗಳನ್ನು ಮೇಜಿನ ಮೇಲೆ ಜೋಡಿಸಿದರು. ಮೂರು ವರ್ಷ, ಮೂವರು ವಿದ್ಯಾರ್ಥಿಗಳು, ಒಂದೇ ಕಾಲುವೆ. ರಜೆಯಲ್ಲಿ ಬೀರು ಚೊಕ್ಕಟ ಮಾಡುವಾಗ ಒಟ್ಟಿಗೆ ಕಣ್ಣಿಗೆ ಬಿದ್ದವಂತೆ.

"ಕಾಲುವೆಯ ಬಗ್ಗೆ ನನ್ನ ತಕರಾರಿಲ್ಲ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಕೊನೆಯ ಪುಟ ಮಾತ್ರ ಅರ್ಥವಾಗುತ್ತಿಲ್ಲ. ಉಡುಪಿಯ ಹುಡುಗ, ಮೈಸೂರಿನ ಹುಡುಗಿ, ಲಾಹೋರಿನ ಹುಡುಗ, ಮೂವರೂ ಕುಂದಾಪುರದ ಒಬ್ಬಳೇ ಅಜ್ಜಿಗೆ ಕೃತಜ್ಞತೆ ಹೇಳಿದ್ದಾರೆ. ಆಕೆ ನಿಮಗೂ ಸಂಬಂಧವೇ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಗಳು ಫಾರಂ ನೋಡಿದಳು, ನಾನೆಳೆದ ಗೆರೆ ನೋಡಿದಳು. ಟೀಚರು ಅವಳನ್ನೇ ನೋಡುತ್ತಿದ್ದುದನ್ನು ತಾಳಲಾರದೆ, "ಫಾರಂನಲ್ಲಿ ಅದನ್ನು ಬರೆದವನು ನಾನು. ಅವಳಿಗೆ ಗೊತ್ತೇ ಇರಲಿಲ್ಲ," ಎಂದು ಒಪ್ಪಿಕೊಂಡೆ.

"ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು.

"ನಕಲಿ ಮಾಲು ಹಿಡಿಯುತ್ತೇನೆ," ಎಂದೆ.

೪. ಕೊನೆಯ ಪುಟ

ಮಗಳು ಐಸ್ ಮೇಲೆಯೇ ಬರೆದಳು. ಮೊದಲೆಲ್ಲ ತಾನು ಬರೆದದ್ದನ್ನು ನನಗೆ ಓದಿ ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಈಗ ನಾನು ಕೋಣೆಗೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದಳು. ತೋರಿಸು ಎನ್ನುವ ಮುಖ ನನಗಿರಲಿಲ್ಲ. ಕೆಲಸ ಹೋದೀತೆಂಬ ಭಯಕ್ಕಿಂತ ಆ ಮುಚ್ಚುವ ಸದ್ದೇ ನನ್ನನ್ನು ಹೆಚ್ಚು ಕಾಡಿತು.

ಶಾಲೆಯ ವರ್ಷ ಮುಗಿಯುವ ಹೊತ್ತಿಗೆ ಲಿಸ್ಟಿನಲ್ಲಿ ನನ್ನ ಹೆಸರೂ ಬಂತು. ಖಲಾಸ್. ನಮ್ಮ ಚೀಟಿಯೂ ಬೋರ್ಡಿಗೇರಿತು. ವಾಷಿಂಗ್ ಮಷೀನ್ ನೋಡಲು ಬಂದ ಬೆಂಗಳೂರಿನವರೊಬ್ಬರು ಮಾತು ಮುಗಿದ ಮೇಲೆ ದನಿ ತಗ್ಗಿಸಿದರು. ಆ ದನಿ ನನಗೆ ಗೊತ್ತಿತ್ತು.

"ಸಾರ್, ನಿಮ್ ಮಗಳಿಗೆ ಒಳ್ಳೇ ಗ್ರೇಡ್ ಬಂತಂತೆ. ಆ ಅಮೆರಿಕದ ಪೇಪರ್ ಏನಾದ್ರೂ…"

ನಾನು ಇಲ್ಲ ಎನ್ನುವಷ್ಟರಲ್ಲಿ ಮಗಳು ಒಳಗಿನಿಂದ ಫೈಲು ತಂದು ಅವರ ಕೈಗೇ ಕೊಟ್ಟಳು. "ತಗೊಳ್ಳಿ ಅಂಕಲ್. ಬಟ್ ಮೊದ್ಲು ಲಾಸ್ಟ್ ಪೇಜ್ ಓದಿ. ಜೋರಾಗಿ."

ಅವರು ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದರು. "ಈ ವಿಷಯ ನಾನೇ ಆರಿಸಿದ್ದು. ಇದನ್ನು ಹೊಡೆದುಹಾಕಿದವರು ನನ್ನ ಅಪ್ಪ. ನನ್ನ ಮೇಲೆ ತಪ್ಪು ಬರುವ ಮೊದಲೇ ಒಪ್ಪಿಕೊಂಡವರೂ ಅವರೇ. ಅವರನ್ನು ನಾನು ಕ್ಷಮಿಸಿದ್ದೇನೆ, ಆದರೆ ಅವರಿಗೆ ಇನ್ನೂ ಹೇಳಿಲ್ಲ."

ನಾನು ವಾಷಿಂಗ್ ಮಷೀನಿನ ಮುಚ್ಚಳ ತೆಗೆದು, ಒಳಗೇನೋ ಹುಡುಕುವವನಂತೆ ತಲೆ ತೂರಿಸಿದೆ. ಅತ್ತುಬಿಟ್ಟೆ; ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಅವರು ಫೈಲನ್ನು ಮಡಚಿ, ಎರಡೂ ಕೈಯಲ್ಲಿ ಮಗಳಿಗೆ ವಾಪಸು ಕೊಟ್ಟರು.

"ಸಾರ್," ಎಂದರು, "ವಾಷಿಂಗ್ ಮಷೀನ್ ಒಂದೇ ಸಾಕು."