ಪಾಸ್‌ವರ್ಡ್ ಕೇಳಲು ಹಾರೋಹಳ್ಳಿಗೆ ಹೋದದ್ದು

ಕೇಳಿದವರಿಗೆಲ್ಲ ಜನ ತಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಹೇಳಿಬಿಡುತ್ತಾರೆ ಎಂಬ ಮಹಾಸತ್ಯವನ್ನು ಜಗತ್ತಿಗೆ ಸಾರಲೆಂದು ನಾನು ಎಂ.ಫಿಲ್ ಸಂಶೋಧನೆ ಕೈಗೊಂಡಿದ್ದೆ. ರಾಮನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಸತ್ಯ ಮೊದಲೇ ಗೊತ್ತಿತ್ತು. ಸಾಬೀತು ಮಾಡುವುದೊಂದೇ ಬಾಕಿ!

"ಊರೋರ ಗುಟ್ಟು ಕೇಳಕ್ಕೂ ಡಿಗ್ರಿ ಕೊಡ್ತಾರೇನೇ? ನಮ್ಮವ್ವ ನಲ್ಲಿ ಹತ್ರ ಪುಕ್ಸಟ್ಟೆ ಕೇಳ್ಕಬತ್ತಾಳೆ," ಎಂದರು ನನ್ನ ಯಜಮಾನರು. ಸಂಶೋಧಕರು ಇಂಥದ್ದಕ್ಕೆಲ್ಲ ಕಿವಿಗೊಡಬಾರದು.

ಹಾರೋಹಳ್ಳಿಯಲ್ಲಿ ಆಗ ಹೊಲಗಳ ನಡುವೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಥದ್ದೊಂದರ ಆಫೀಸಿಗೆ ಅನುಮತಿ ಪಡೆದು ಹೋದೆ. ಮೊದಲ ಮೇಜಿನ ಮಂಜುಳಾಳನ್ನು ನಗುನಗುತ್ತ ಕೇಳಿದೆ: "ನಿಮ್ಮ ಪಾಸ್‌ವರ್ಡ್ ಏನಮ್ಮಾ?"

"ಹೇಳಂಗಿಲ್ಲ ಮೇಡಮ್. ಕಂಪ್ನಿ ರೂಲ್ಸು."

ಕೊನೆಯ ಮೇಜಿನವರೆಗೂ ಅದೇ ಮಂತ್ರ! ಒಬ್ಬರೂ ಬಾಯಿ ಬಿಡದಿದ್ದರೆ ನನ್ನ ಪ್ರಬಂಧದ ಗತಿ? ಅವರಿಗೆ ಧೈರ್ಯ ತುಂಬೋಣವೆಂದು, "ಹೇಳಿದರೆ ಏನೂ ಆಗಲ್ಲಮ್ಮ. ನೋಡಿ, ನಂದು 'ಮುದ್ದೆಬಸ್ಸಾರು'!" ಎಂದುಬಿಟ್ಟೆ.

ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆಗೆ ಮುದ್ದೆ ಬಿದ್ದೊಡನೆ ಯಾರೋ ಕೂಗಿದರು: "ಲೇ, ಮೇಡಮ್ಮೋರ ಪಾಸ್‌ವರ್ಡ್ ಬಂತು ಕಣ್ಲಾ!"

ಆಗ ನೆನಪಾಯಿತು, ಅದು ನನ್ನ ಇ-ಮೇಲ್ ಪಾಸ್‌ವರ್ಡ್. ಇಡೀ ಪ್ರಬಂಧ ನನ್ನ ಇ-ಮೇಲ್‌ನಲ್ಲೇ ಇತ್ತು! ಕ್ಯಾಂಟೀನಿನ ಕಾಯಿನ್ ಫೋನಿಗೆ ಓಡಿ, ಮನೆಯ ಕಂಪ್ಯೂಟರಿನಲ್ಲಿ ಇಸ್ಪೀಟಾಡುವಷ್ಟು ವಿದ್ಯಾವಂತರಾದ ಯಜಮಾನರಿಗೆ ಅರಚಿದೆ: "ರೀ, ಬೇಗ ಮುದ್ದೆಬಸ್ಸಾರು ತೆಗೆದು ಉಪ್ಸಾರು ಹಾಕ್ರೀ!"

"ಈಗ್ ಹೇಳ್ತೀಯಲ್ಲ? ನಂದು ಉಂಡಾಯ್ತು ಕಣೇ!"

ಕ್ಯಾಂಟೀನು ಚಪ್ಪಾಳೆ ತಟ್ಟಿತು. ಹೊಸ ಪಾಸ್‌ವರ್ಡೂ ಊರಿನ ಸ್ವತ್ತಾಯಿತು!

ಅಳುಮುಖ ಹೊತ್ತು ಗೈಡ್ ಮೇಷ್ಟ್ರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಅವರೋ ಕುರ್ಚಿಯಿಂದಲೇ ಎದ್ದುಬಿಟ್ಟರು. "ಭೇಷ್! ನಿಯಮ ಸರಿಯಾಗಿ ಕಲಿಸಿದ ಕಡೆ ಜನ ಗುಟ್ಟು ಬಿಡೋದಿಲ್ಲ. ಇದೇ ಫಲಿತಾಂಶ ಕಣಮ್ಮ, ಬರಿ!"

ಬರೆದೆ. ಯಜಮಾನರೂ ನೋಡಲು ಬಂದಿದ್ದ ವೈವಾದ ದಿನ ಪರೀಕ್ಷಕರು ತಲೆದೂಗಿದರು. ಪದವಿ ಸಿಕ್ಕಿತು! ನನ್ನ ಕಾಲು ನೆಲದಿಂದ ಗೇಣು ಮೇಲಿತ್ತು. ಹೊರಡುವ ಮುನ್ನ ಪರೀಕ್ಷಕರು ಸುಮ್ಮನೆ ಕೇಳಿದರು: "ಗುಟ್ಟು ಬಿಟ್ಟವರು ಒಬ್ಬರೇ ಅಂತ ಬರೆದಿದ್ದೀರಲ್ಲ, ಯಾರಮ್ಮ ಆ ಪುಣ್ಯಾತ್ಮರು?"

"ಕ್ಷಮಿಸಿ ಸಾರ್, ಹೆಸರು ಗೋಪ್ಯ," ಎಂದೆ, ಬಲು ಗಂಭೀರವಾಗಿ.

ಹಿಂದಿನ ಸಾಲಿನಿಂದ ಯಜಮಾನರು ಎದೆಯುಬ್ಬಿಸಿ ಎದ್ದು ನಿಂತರು. "ಇವಳೇ ಸಾ, ನಮ್ಮನೆಯೋಳು!"