ಉಸಿರಾಡಬೇಕಾದ ಸೀಸೆ

ಬಿರಡೆ ಕಿತ್ತ ಮೇಲೆ ಒಂದು ಗಂಟೆ ಕಾಯಬೇಕೆಂದು ಇಟಲಿಯ ದೊರೆ ಹೇಳಿದ್ದ. ಧರ್ಮರಾಜು ಹಾಳಾದದ್ದು ಆ ಒಂದು ಗಂಟೆಯಲ್ಲಿ.

ದೊರೆ ದಂಡು ಪ್ರದೇಶದಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದವನು. ಚಾಮರಾಜಪೇಟೆಯ ತೋಟದಿಂದ ಧರ್ಮರಾಜು ಅವನ ಮನೆಗೆ ತರಕಾರಿ ಹೊರುತ್ತಿದ್ದ. ಒಂದು ಸಂಜೆ ದೊರೆ ಗಾಜಿನ ಬಟ್ಟಲಲ್ಲಿ ಕೆಂಪು ದ್ರಾಕ್ಷಾರಸ ಬಗ್ಗಿಸಿ, ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು, ತನ್ನೂರಿನ ಗುಡ್ಡ ನೆನೆದು ಮಗುವಿನಂತೆ ಅತ್ತುಬಿಟ್ಟ. ಬಟ್ಟಲಿನಿಂದ ಬಂದ ಒಣಗುಲಾಬಿಯ ವಾಸನೆ ಧರ್ಮರಾಜುವಿನ ಮೂಗಿನಲ್ಲೇ ಮನೆಮಾಡಿತು. ಹಡಗು ಹತ್ತುವ ಮುಂಚೆ ದೊರೆ ಅವನಿಗೊಂದು ಸೀಸೆ ಕೊಟ್ಟ. ಹೆಸರು ಬರೋಲೊ. ಈಗಲೇ ಕುಡಿದರೆ ಎಳೆ ಸೀಬೆಕಾಯಿಯಂತೆ ಒಗರು. ಹನ್ನೆರಡು ವರ್ಷ ಕತ್ತಲಲ್ಲಿ ಅಡ್ಡ ಮಲಗಿಸು. ಕುಡಿಯುವ ಹಿಂದಿನ ದಿನ ಎತ್ತಿ ನಿಲ್ಲಿಸು, ಗಷ್ಟು ತಳಕ್ಕಿಳಿಯಲಿ. ಬಿರಡೆ ಕಿತ್ತು ಉಸಿರಾಡಲು ಬಿಡು. ಆಮೇಲೆ ಮಾಂಸದ ಸಾರಿನ ಜೊತೆ ಗುಟುಕು ಗುಟುಕಾಗಿ ಕುಡಿ ಎಂದ.

ಧರ್ಮರಾಜು ಅದನ್ನು ಮಂಚದಡಿಯ ಹುಲ್ಲಿನಲ್ಲಿ ಕೂಸಿನಂತೆ ಜೋಪಾನ ಮಾಡಿದ. ಹೋದ ವರ್ಷ ಕುಲದ ಯಜಮಾನ ಮುನಿರಾಮಪ್ಪ ಬೀದಿಯ ಗಂಡಸರಿಂದೆಲ್ಲ ಕರ್ಪೂರ ಆರಿಸಿ ಆಣೆ ಮಾಡಿಸಿ ಕುಡಿತ ಬಿಡಿಸಿದಾಗ, ಜ್ವರವೆಂದು ಕಂಬಳಿ ಹೊದ್ದು ಮಲಗಿದ್ದೂ ಇದಕ್ಕಾಗಿಯೇ.

ಇವತ್ತಿಗೆ ಹನ್ನೆರಡು ವರ್ಷ ತುಂಬಿತ್ತು. ಹೆಂಡತಿ ಸಾರು ಕುದಿಸಿಟ್ಟು ಪೇಟೆಗೆ ಹೋಗಿದ್ದಳು. ಬಾಗಿಲು ಹಾಕಿದರೆ ಸೀಸೆ ಉಸಿರಾಡುವುದು ಹೇಗೆ? ಬಿರಡೆ ಕಿತ್ತು, ಬಾಗಿಲು ತೆರೆದು, ಸೀಸೆಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತ ಕೂತ.

ಪಕ್ಕದ ಮನೆಯ ಅಣ್ಣಮ್ಮನ ಮೂಗು ಪೊಲೀಸಿನವನದು.

"ಏನ್ ಧರ್ಮಣ್ಣ, ಸೀಸೆಗೆ ಸೆಕೆ ಆಯ್ತಾ?"

"ಔಷ್ದಿ ಕಣಕ್ಕ. ದ್ರಾಕ್ಷಿದು."

"ದ್ರಾಕ್ಷಾರಿಷ್ಟವಾ? ನನ್ ಮಗಳು ಬಾಣಂತಿ, ಗೊತ್ತಲ್ಲ."

ಗೊತ್ತಿಲ್ಲದೆ ಏನು, ಆ ಕೂಸು ಬೀದಿಗೆಲ್ಲ ನಿದ್ದೆ ಕೆಡಿಸಿತ್ತು. ಅಣ್ಣಮ್ಮ ಮದ್ದು ಕುಡಿಸುವ ಒಳಲೆ ತಂದಳು. ಔಷಧಿಯನ್ನು ಕುಲುಕದೆ ಹಾಕುವುದುಂಟೇ ಎಂದು ಸೀಸೆಯ ಬಾಯಿಗೆ ಹೆಬ್ಬೆರಳಿಟ್ಟು ಕುಲುಕಿಯೇ ಕುಲುಕಿದಳು. ಹನ್ನೆರಡು ವರ್ಷದ ಗಷ್ಟು ಎಮ್ಮೆ ಇಳಿದ ಕೆರೆಯಂತೆ ಕದಡಿ ಮೇಲೆದ್ದಿತು. ಧರ್ಮರಾಜುವಿಗೆ ಕಣ್ಣು ಕತ್ತಲಿಟ್ಟಿತು.

ಅರ್ಧ ಗಳಿಗೆಯಲ್ಲಿ ಬೀದಿಯ ಹೆಂಗಸರೆಲ್ಲ ಒಳಲೆ ಹಿಡಿದು ಬಂದರು. ಮಂಡಿನೋವು, ಸೊಂಟನೋವು, ಸೊಸೆಯ ಕಾಟ, ಎಲ್ಲಕ್ಕೂ ಇದೇ ಮದ್ದು. ಮುನಿರಾಮಪ್ಪನನ್ನು ಹೆತ್ತ ಮಹಾತಾಯಿ ಸುಬ್ಬಮ್ಮ ಎರಡನೇ ಸಲ ಚೊಂಬನ್ನೇ ತಂದಳು. ಕೊಡುವುದಿಲ್ಲ ಎಂದರೆ ಕಾರಣ ಹೇಳಬೇಕು. ಹೇಳಿದರೆ ಸೀಸೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅವನು ಹಲ್ಲು ಕಚ್ಚಿಕೊಂಡು ಬಗ್ಗಿಸಿದ. ಬಗ್ಗಿಸುವಾಗಲೆಲ್ಲ ಮೂಗು ಹಿಗ್ಗಿಸಿ ಅಷ್ಟಿಷ್ಟು ವಾಸನೆ ಕದ್ದ.

ಕೊನೆಗೆ ತಳದಲ್ಲಿ ಒಂದೇ ಗುಟುಕು. ಕದಡಿದ್ದಾದರೂ ಆಗಲಿ ಎಂದು ತುಟಿಗೆ ಎತ್ತಿದ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಗಕ್ಕನೆ ತಿರುಗಿದ. ಗುಟುಕು ಅಂಗಿಯ ಎದೆಗೆ ಸುರಿಯಿತು.

ಬಂದವನು ಮುನಿರಾಮಪ್ಪ. ಮಟಮಟ ಮಧ್ಯಾಹ್ನ ತನ್ನ ತಾಯಿ ಜಗಲಿಯ ಮೇಲೆ ಸೋಬಾನೆ ಹಾಡುತ್ತಿರುವುದೇಕೆಂದು ಕೇಳಲು ಬಂದಿದ್ದ. ಬಗ್ಗಿ ಅಂಗಿ ಮೂಸಿದ.

"ಕುಡ್ದಿದೀಯೇನಯ್ಯ?"

ಅವನ ಬೆನ್ನ ಹಿಂದೆ ಹೆಂಗಸರು ನಿಂತಿದ್ದರು. ಕುಡಿದದ್ದೇನೆಂದು ಅವರಿಗೆ ಹೊಳೆದದ್ದು ಆಗಲೇ. ಒಳಲೆಗಳು ಸೆರಗಿನೊಳಗೆ ಸೇರಿದವು. ಸುಬ್ಬಮ್ಮನ ಹಾಡು ನಿಂತಿತು. ಅಣ್ಣಮ್ಮ ಅಲ್ಲಿಂದಲೇ ಧರ್ಮರಾಜುವಿಗೆ ಕೈ ಮುಗಿದಳು.

"ಹೌದು ಯಜಮಾನ್ರೇ," ಎಂದ ಧರ್ಮರಾಜು. "ಪೂರಾ ಸೀಸೆ. ನಾನೊಬ್ನೇ."

ಎಲ್ಲರಿಗಿಂತ ಜೋರಾಗಿ ಛೀಮಾರಿ ಹಾಕಿದವರು ಆ ಹೆಂಗಸರೇ. ಕರ್ಪೂರ ಬಂತು. ಇನ್ನು ಮುಟ್ಟುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿದರು.

ಜನ ಚದುರಿದರೂ ಮುನಿರಾಮಪ್ಪ ಹೊರಡಲಿಲ್ಲ. ಬೀದಿಯ ಆಚೆ ಈಚೆ ನೋಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳಿದ:

"ಹೆಂಗಿತ್ತಯ್ಯ?"

ಧರ್ಮರಾಜು ಖಾಲಿ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಬಾಯಿ ಮೂಸಿದ.

"ಹನ್ನೆರಡು ವರ್ಷ ಚೆನ್ನಾಗಿತ್ತು."

ಮುನಿರಾಮಪ್ಪ ಎಂಜಲು ನುಂಗಿದ. "ಪುಣ್ಯವಂತ ಕಣಯ್ಯ ನೀನು," ಎಂದು ಎದ್ದು ಹೋದ.