ಸ್ಮಶಾನದಲ್ಲಿ ಮಾವನ ಬ್ಲೋ ಲ್ಯಾಂಪು

ನಮ್ಮ ಸೋದರಮಾವ ಬದುಕಿದ್ದಾಗಲೇ ದೆವ್ವ ಆಗಿದ್ದರು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಹೊತ್ತು ಮುಳುಗುವಾಗ, ಅಜ್ಜಂಪುರದಲ್ಲಿ ಯಾರೂ ನಗುತ್ತಿರಲಿಲ್ಲ!

ಮದುವೆಮನೆಗಳಿಗೆ ಗ್ಯಾಸ್‌ಲೈಟ್ ಬಾಡಿಗೆ ಕೊಡುವುದು, ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುವುದು ಮಾವನ ಕಸುಬು. ಅದೇ ಕಾಲಕ್ಕೆ ಬಿಳಿ ಹೂವಿನ ಕಾಂಗ್ರೆಸ್ ಗಿಡ ಅವರ ಹಿತ್ತಲಿಗೆ ನುಗ್ಗಿತು. ಮುಟ್ಟಿದರೆ ಮೈಯೆಲ್ಲ ನವೆ. ಗೊಬ್ಬರದಂಗಡಿಯವನು, "ಔಷಧಿ ಹೊಡೀರಿ," ಅಂದ.

"ವಿಷಕ್ಕೆ ಔಷಧಿ ಅಂತ ಹೆಸರಿಟ್ಟು ಮಾರ್ತೀಯೇನಪ್ಪಾ?" ಅಂತ ಬೈದು ಬಂದ ಮಾವ, ಬೆಸುಗೆಗೆ ಬಳಸುವ, ಬಾಯಿಂದ ನೀಲಿ ಬೆಂಕಿ ಉಗುಳುವ ಬ್ಲೋ ಲ್ಯಾಂಪಿಗೆ ಪಂಪು ಹೊಡೆದು ಹಿತ್ತಲಿಗಿಳಿದರು. ಊರಿಗೆ ಹೋಗಿದ್ದ ನನಗೆ ಹೇಳಿಕೊಟ್ಟರು: "ಸುಡಬಾರದು ಕಣೋ. ಶಾಖ ತೋರಿಸಿ ಮುಂದಕ್ಕೆ ಹೋಗ್ತಿರಬೇಕು. ಎಲೆಯೊಳಗಿನ ನೀರು ಕುದ್ದು, ನಾಳೆ ತಾನೇ ಮಲಗ್ತದೆ."

ಕಳೆ ಮಲಗಿತು. ಪಕ್ಕದಲ್ಲಿದ್ದ ಅತ್ತೆಯ ಮಲ್ಲಿಗೆ ಬಳ್ಳಿಯೂ ಮಲಗಿತು. ಅತ್ತೆ ಮಾತ್ರ ಎದ್ದು, ಸಖರಾಯಪಟ್ಟಣದ ತವರಿಗೆ ಬಸ್ಸು ಹತ್ತಿದರು!

ಹಿತ್ತಲಲ್ಲಿ ಇನ್ನು ಲ್ಯಾಂಪು ಹಚ್ಚುವುದಿಲ್ಲ ಅಂತ ಮಾವ ಮಾತು ಕೊಟ್ಟ ಮೇಲೇ ಅತ್ತೆ ವಾಪಸು ಬಂದದ್ದು. ಆದರೆ ಮಾವನ ಕೈ ಸುಮ್ಮನಿರುತ್ತದೆಯೇ? ಯಾರೂ ಬೈಯದ ಜಾಗ ಹುಡುಕಿದರು. ಸಿಕ್ಕಿತು: ನಮ್ಮವರನ್ನು ಹೂಳುವ ಸ್ಮಶಾನ.

ಒಂದು ಮುಸ್ಸಂಜೆ ತರೀಕೆರೆ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನೊಬ್ಬ ಕಂಡದ್ದಿಷ್ಟು: ಗೋರಿಗಳ ನಡುವೆ ಮೊಳಕಾಲೆತ್ತರದಲ್ಲಿ ಒಂದು ನೀಲಿ ಬೆಂಕಿ ಬುಸ್ಸೆನ್ನುತ್ತಾ ತೇಲುತ್ತಿದೆ. ಹಿಡಿದ ಕೈಯಿಲ್ಲ, ಹಿಂದೆ ಮೈಯಿಲ್ಲ. ಯಾರೋ ಮೆಲ್ಲಗೆ ಮಾತಾಡುವ ದನಿ ಮಾತ್ರ. ಅವನು ಚಪ್ಪಲಿ ಬಿಟ್ಟು ಓಡಿದ. ಎಮ್ಮೆ ಅವನಿಗಿಂತ ಮೊದಲೇ ಊರು ಸೇರಿತ್ತು!

ಮಾರನೇ ದಿನ ಜನ ಹೋಗಿ ನೋಡಿದರೆ ಬೂದಿಯಿಲ್ಲ, ಕರಕಲಿಲ್ಲ. ಬೆಂಕಿ ಹಾದ ದಾರಿಯುದ್ದಕ್ಕೂ ಗಿಡಗಳು ಮಾತ್ರ ಸತ್ತು ಮಲಗಿವೆ. ಶಾಂತಿ ಮಾಡಿಸಲೇಬೇಕೆಂದು ಗೌಡರ ಜಗುಲಿಯಲ್ಲಿ ಸಭೆ ಸೇರಿತು. ಹಿಂದಿನಿಂದ ಮಾವ ಎದ್ದರು.

"ದಿನಾ ಸಂಜೆ ನಾನು ಅಲ್ಲೇ ಇರ್ತೀನಿ ಕಣ್ರೀ. ನನ್ನ ಕಣ್ಣಿಗೆ ಒಂದು ದೆವ್ವಾನೂ ಬಿದ್ದಿಲ್ಲವಲ್ಲ!"

ಜಗುಲಿಯ ಮೇಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು.

"ಅಲ್ಲೇನು ಮಾಡ್ತೀಯಪ್ಪಾ?" ಗೌಡರು ಕೇಳಿದರು.

"ಲ್ಯಾಂಪಲ್ಲಿ ಕಳೆ ತೆಗೀತೀನಿ."

"ನಿಮ್ಮನೇಲಿ ಗುದ್ದಲಿ ಇಲ್ವಾ?"

"ಗುದ್ದಲಿ ಹಾಕಿದ್ರೆ ಮಲಗಿರೋರಿಗೆ ತಗಲಲ್ವಾ, ಗೌಡ್ರೇ?"

ಅವತ್ತಿನಿಂದ ಜನ ದೆವ್ವಕ್ಕೆ ಹೆದರುವುದನ್ನು ಬಿಟ್ಟು ಮಾವನಿಗೆ ಹೆದರತೊಡಗಿದರು.

ನಾನಾಗ ಕಡೂರಿನಲ್ಲಿ ಕೆಲಸದಲ್ಲಿದ್ದೆ, ಅಮ್ಮನೂ ಜೊತೆಗಿದ್ದಳು. ಸುದ್ದಿ ಕೇಳಿ ಬುದ್ಧಿ ಹೇಳಲು ಹೋದೆ. "ಲೇ, ಬಾ ಜೊತೆಗೆ," ಅಂದರು ಮಾವ. ಹೋಗಬಾರದಿತ್ತು! ಬೆಳಕು ಇಳಿಯುತ್ತಿತ್ತು. ಅವರು ಒಂದು ಗೋರಿಯ ಮುಂದೆ ಬಗ್ಗಿ, "ಚಿಕ್ಕಪ್ಪಾ, ಕಾಲು ಮಡಚ್ಕೋ, ಬಿಸಿ ಬತ್ತಾ ಐತೆ," ಅಂದರು. ಆಮೇಲೆ ಸುಮ್ಮನೆ ಕಾದರು. ಒಳಗಿದ್ದವರು ನಿಜವಾಗಿಯೂ ಕಾಲು ಮಡಚಿಕೊಂಡರೇನೋ ಎಂಬಂತೆ ತಲೆಯಾಡಿಸಿ, ಬೆಂಕಿ ಆಡಿಸಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮೂಲೆಯೊಂದಕ್ಕೆ ಬಂದಾಗ ಮಾವ ಲ್ಯಾಂಪು ಆರಿಸಿದರು. ಬುಸ್ಸೆನ್ನುವ ಸದ್ದು ನಿಂತ ಮೇಲೆ ಆ ಮೌನಕ್ಕೇ ಹೆಚ್ಚು ಭಯವಾಯಿತು. ಕುಕ್ಕರುಗಾಲಲ್ಲಿ ಕೂತು, ಬರಿಗೈಯಲ್ಲಿ ಒಂದೊಂದೇ ಗಿಡ ಕೀಳತೊಡಗಿದರು.

"ಇಲ್ಲಿಗ್ಯಾಕೆ ಶಾಖ ಇಲ್ಲ, ಮಾವ?"

"ಎಳೇ ಕೂಸು ಕಣೋ. ತಡೆಯಲ್ಲ."

ಅದು ನನಗಿಂತ ಮೊದಲು ಹುಟ್ಟಿ, ಹೆಸರಿಡುವ ಮುಂಚೆಯೇ ಹೋದ ನನ್ನ ಅಕ್ಕ. ಮಣ್ಣು ಮಾಡಿ ಬಂದವರು ಮಾವ. ಬಾಣಂತಿ ಅಮ್ಮನಿಗೆ ಯಾರೂ ಜಾಗ ತೋರಿಸಿರಲಿಲ್ಲ. ಕೇಳುವ ಧೈರ್ಯ ಅವಳಿಗೂ ಬಂದಿರಲಿಲ್ಲ.

ಮುಂದಿನ ಭಾನುವಾರ ಅಮ್ಮನನ್ನು ಆ ಮೂಲೆಗೆ ಕರೆದುಕೊಂಡು ಹೋದೆ. ಸುತ್ತಲಿನ ಕಳೆಗೆಲ್ಲ ಆಗತಾನೇ ಶಾಖ ತೋರಿಸಿ, ಲ್ಯಾಂಪು ಆರಿಸಿಕೊಂಡು ಮಾವ ದೂರ ನಿಂತಿದ್ದರು. ಅಮ್ಮ ಕೂತಳು. ಎರಡು ಎಳೆ ಹುಲ್ಲು ಕಿತ್ತಳು. ಆಮೇಲೆ ಅಂಗೈಯನ್ನು ಮಣ್ಣಿನ ಮೇಲಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

"ಅಣ್ಣಾ," ಅಂದಳು, "ಬೆಚ್ಚಗೈತೆ."

ಮಾವ ಆ ಕಡೆ ತಿರುಗಿ, ಆರಿದ ಲ್ಯಾಂಪಿಗೇ ಪಂಪು ಹೊಡೆಯುತ್ತಾ ನಿಂತುಬಿಟ್ಟರು.